ಕಲ್ಯಾಣಕ್ಕೆ ಹೋಗಿ ಬಂದ ನಮ್ಮೂರ ವರಾಹ

ಬಸವಕಲ್ಯಾಣದ ಬಸ್ ನಿಲ್ದಾಣದಲ್ಲಿ ಇಳಿದಾಗ ಬೆಳಗಿನ ಒಂಬತ್ತೂ ಆಗಿರಲಿಲ್ಲ, ಬಿಸಿಲು ಮಾತ್ರ ನಮ್ಮೂರಿನ ನಡುಮಧ್ಯಾಹ್ನದಷ್ಟು ಏರಿತ್ತು. ಘಟ್ಟ ಹತ್ತಿ ಹುಬ್ಬಳ್ಳಿ, ಅಲ್ಲಿಂದ ರಾತ್ರಿಯಿಡೀ ಕೂತು ಕಲಬುರಗಿ, ಅಲ್ಲಿಂದ ಮತ್ತೆ ಎರಡು ಗಂಟೆಗೂ ಮಿಕ್ಕಿದ ಸರ್ಕಾರಿ ಬಸ್ಸು. ಹೆಂಗಸಾದ್ದರಿಂದ ಟಿಕೆಟಿಗೆ ಒಂದು ಪೈಸೆ ಕೊಡಲಿಲ್ಲ. ಸೊಂಟ ಮಾತ್ರ ಪೂರ್ತಿ ದರ ತೆತ್ತಿತು. ಕೈಚೀಲದಲ್ಲಿ ಎರಡು ಸೀರೆ, ಒಂದು ಡಬ್ಬಿ ಒಣಸಿಗಡಿ ಚಟ್ನಿ, ಮತ್ತು ಮೈ ಒರೆಸುವ ಬೈರಾಸಿನಲ್ಲಿ ಸುತ್ತಿಟ್ಟ ಒಂದು ಹಿತ್ತಾಳೆಯ ಬಿಲ್ಲೆ ಇತ್ತು. ಆ ಬಿಲ್ಲೆಗಾಗಿಯೇ ಈ ಪ್ರಯಾಣ.

ಊರಿನವರಿಗೆ ಗೊತ್ತಿರುವ ಕಥೆಯೇ, ಆದರೂ ಹೊರಗಿನವರೂ ಓದುವುದರಿಂದ ಹೇಳಿಬಿಡುತ್ತೇನೆ. ನಮ್ಮದು ಕಡಲ ದಂಡೆಯ ಸಣ್ಣ ನಗರ. ನಗರದ ಲಾಂಛನ ವರಾಹ: ಅಲೆಗಳ ಮೇಲೆ ನಿಂತ ಕಾಡುಹಂದಿ, ಕೋರೆಯ ಮೇಲೆ ಉಂಡೆಯಾದ ಭೂಮಿ, ಮೇಲೊಂದು ಸೂರ್ಯ, ಒಂದು ಚಂದ್ರ. ನಗರಸಭೆ ಕಚೇರಿಯ ಹಲಗೆಯ ಮೇಲೂ ಕಾಗದಗಳ ಮೇಲೂ ಅದೇ. ಆ ಹಲಗೆಯ ಎದುರು ರಸ್ತೆಯಲ್ಲಿ ನಿಂತರೆ ಕಡಲು ನಿಮ್ಮ ಎಡಗೈಗೆ, ಗುಡ್ಡ ಬಲಗೈಗೆ. ಹಂದಿಯ ಮೂತಿ ಎಡಕ್ಕೆ. ಅಂದರೆ ಕಡಲಿಗೆ.

ಹೊಸ ಕಟ್ಟಡಕ್ಕೆ ಲಾಂಛನ ಬರೆದುಕೊಡುವ ಕೆಲಸ, ಚಿತ್ರಕಲೆ ಕಲಿಸಿ ನಿವೃತ್ತಳಾದ ನನ್ನ ಪಾಲಿಗೆ ಬಂತು. ಕುಂಚ ತೊಳೆದು ಕೂರುವುದರೊಳಗೆ ಜಗಳ ಶುರುವಾಯಿತು. ಮೀನು ಮಾರುವ ಜಲಜಕ್ಕ ಈಗ ನಮ್ಮ ವಾರ್ಡಿನ ಸದಸ್ಯೆ. ಎರಡು ಮಳೆಗಾಲದ ಹಿಂದೆ ಕಡಲು ಕೊರೆದು ಅವಳ ಮನೆ ಹೋಯಿತು. ಗೋಡೆ ಬಿದ್ದದ್ದಲ್ಲ, ಮನೆಯಡಿಯ ನೆಲವೇ ಹೋದದ್ದು. ಅವಳು ಸಭೆಯಲ್ಲಿ ಎದ್ದು ನಿಂತು, "ಎಂತಕ್ಕೆ ಬೇಕು ಟೀಚರ್ ಆ ಹಂದಿ? ಭೂಮಿಯನ್ನು ಕೋರೆಯ ಮೇಲೆ ಇಟ್ಕೊಂಡು ಸೀದಾ ನೀರಿಗೆ ಹೊರಟಿದೆ. ನನ್ನ ಮನೆ ಹೋದದ್ದೂ ಅದೇ ದಾರಿಯಲ್ಲಿ" ಎಂದಳು. ಯಾರೋ ಒಬ್ಬರು ಮೆಲ್ಲಗೆ, ಹಂದಿಯನ್ನು ಬಲಕ್ಕೆ ತಿರುಗಿಸಿ ಬರೆದರಾಯಿತಲ್ಲ ಎಂದರು. ಜಲಜಕ್ಕ ಅವರನ್ನು ಸುಡುವ ಹಾಗೆ ನೋಡಿದಳು. "ಹಿರಿಯರು ಕಂಡದ್ದನ್ನು ಹಾಗೆ ಬರೆದಿಟ್ಟಿದ್ದಾರೆ. ನಿಮಗೆ ಹೆದರಿಕೆ ಆಯ್ತು ಅಂತ ಸುಳ್ಳು ಬರೀತೀರಾ? ಅದರ ಬದಲು ತೆಗೆದೇ ಹಾಕಿ."

ಹಂದಿಯನ್ನು ತೆಗೆದು ಡಾಲ್ಫಿನ್ ಹಾಕುವುದೆಂದು ಮಾತಾಯಿತು. ನನಗೆ ಎದೆ ಉರಿಯಿತು. ಅಕ್ಷರ ಕಲಿಯುವ ಮೊದಲು ನಾನು ಬರೆದ ಚಿತ್ರ ಆ ವರಾಹ. ಡಾಲ್ಫಿನ್ ಬರೆಯುವುದಕ್ಕೆ ನನ್ನ ಕೈ ಏಳುವುದಿಲ್ಲ ಎಂದುಬಿಟ್ಟೆ. ಕೊನೆಗೆ ಅಧ್ಯಕ್ಷರು ಮುಂದಿನ ಸೋಮವಾರ ಕೈ ಎತ್ತಿಸಿ ತೀರ್ಮಾನಿಸುವುದಾಗಿ ಹೇಳಿ ಎದ್ದರು.

ನಮ್ಮಲ್ಲಿ ಹಿಂದೆ ಆಳಿದವರು ಕಲ್ಯಾಣದ ಚಾಲುಕ್ಯರ ಸಾಮಂತರು, ವರಾಹ ಅಲ್ಲಿಂದಲೇ ಬಂದದ್ದು ಎಂದು ಊರಿನ ನಂಬಿಕೆ. ಹಾಗಾದರೆ ಆ ಹಂದಿಯ ತವರಿಗೇ ಹೋಗಿ, ಅಲ್ಲಿ ಅದು ಯಾವ ಕಡೆ ಮುಖ ಮಾಡಿದೆ ನೋಡಿಬರುತ್ತೇನೆ ಎಂದು ಹೊರಟೆ. ಕಚೇರಿಯಲ್ಲಿ ಕಾಗದ ಹಾರದಂತೆ ಇಡುತ್ತಿದ್ದ ಹಿತ್ತಾಳೆಯ ಬಿಲ್ಲೆಯನ್ನೂ ಕೇಳಿ ತಂದೆ. ಬೆಳ್ಳಿ ರೂಪಾಯಿಗಿಂತ ತುಸು ದೊಡ್ಡದು, ದಪ್ಪಗಿದೆ. ಅಕ್ಷರ ಒಂದೂ ಇಲ್ಲ, ವರಾಹವನ್ನು ತಗ್ಗಾಗಿ ಕೆತ್ತಿದ್ದಾರೆ, ಬೆನ್ನಿಗೆ ಮೊಂಡಾದ ಒಂದು ಮೊಳೆ. ಹಿಂದಿನ ಕಾಲದ ದಲಾಯತ, ಅಂದರೆ ಕಚೇರಿಯ ಜವಾನ, ಎದೆಯ ಪಟ್ಟಿಗೆ ಸಿಕ್ಕಿಸಿಕೊಳ್ಳುತ್ತಿದ್ದ ಬಿಲ್ಲೆ ಅದು ಎಂದು ಎಲ್ಲರೂ ಹೇಳುತ್ತಿದ್ದರು. ಹಲಗೆಯ ಚಿತ್ರವನ್ನು ಯಾರೋ ಇದನ್ನು ನೋಡಿಯೇ ಬರೆದದ್ದು. ಗೆರೆಗೆ ಗೆರೆ ಕೂಡುತ್ತದೆ.

ಕಲ್ಯಾಣದಲ್ಲಿ ನನಗೆ ಸಿಕ್ಕಿದ ಆಟೋದವನ ಹೆಸರು ಮೌಲಾಸಾಬ. ಬಿಳಿ ಗಡ್ಡ, ಕಣ್ಣಿಗೆ ಸುರ್ಮಾ, ಗಂಟಲು ಮಾತ್ರ ಇಪ್ಪತ್ತರ ಹುಡುಗನದು. ಕೋಟೆ, ನಾರಾಯಣಪುರದ ಗುಡಿ ಎರಡಕ್ಕೂ ಸೇರಿ ಆರುನೂರು ಕೇಳಿ ಐನೂರಕ್ಕೆ ಇಳಿದ. "ನಂದು ಕೊಹಿನೂರ ಹಳ್ಳಿ ರೀ ಬಾಯಾರ. ಹೆಸರ ಕೇಳಿ ಹಿಗ್ಗಬ್ಯಾಡ್ರಿ, ಅಲ್ಲಿ ವಜ್ರ ಸಿಗಂಗಿಲ್ಲ, ತೊಗರಿ ಸಿಗತದ" ಎಂದು ತಾನೇ ಮೊದಲು ನಕ್ಕ.

ಮೊದಲು ಕೋಟೆಗೆ ಹೋದೆವು. ಬಾಗಿಲು ದಾಟಿದರೆ ಇನ್ನೊಂದು ಬಾಗಿಲು, ಅದರಾಚೆ ಮತ್ತೊಂದು. ಕಲ್ಲು ಕಾದು ಚಪ್ಪಲಿಯೊಳಗೂ ಬಿಸಿ ಬರುತ್ತಿತ್ತು. ಮೇಲಿನ ಬುರುಜಿನಲ್ಲಿ ಉದ್ದನೆಯ ತೋಪು, ದೂರದಲ್ಲಿ ಕೂತಿರುವ ಬಸವಣ್ಣನವರ ದೊಡ್ಡ ಮೂರ್ತಿ, ಸುತ್ತ ಕೊಯ್ದು ಬರಿದಾದ ಹೊಲಗಳು. ಒಳಗಿನ ಸಂಗ್ರಹದಲ್ಲಿ ಕೈ ಮುರಿದ, ಮೂಗು ಹೋದ, ಆದರೂ ನಗುವ ಕಲ್ಲಿನ ಮೂರ್ತಿಗಳಿದ್ದವು. ಒಂದೊಂದರ ಮುಂದೂ ಬಗ್ಗಿ ನೋಡಿದೆ. ಜಿನರಿದ್ದರು, ದೇವಿಯರಿದ್ದರು. ನನ್ನ ಹಂದಿ ಕಣ್ಣಿಗೆ ಬೀಳಲಿಲ್ಲ.

"ಏನ್ ಹುಡಕಾಕತ್ತೀರಿ ಅಷ್ಟ್ ಬಗ್ಗಿ ಬಗ್ಗಿ?" ಎಂದು ಮೌಲಾಸಾಬ ಕೇಳಿದ. ನೆರಳಿನಲ್ಲಿ ಕೂತು ಬಿಲ್ಲೆ ತೆಗೆದು ತೋರಿಸಿದೆ. ಕಥೆಯನ್ನೂ ಹೇಳಿದೆ: ಹಿರಣ್ಯಾಕ್ಷ ಭೂಮಿಯನ್ನು ಕದ್ದು ಕಡಲಿನ ತಳದಲ್ಲಿ ಬಚ್ಚಿಟ್ಟದ್ದು, ವಿಷ್ಣು ವರಾಹನಾಗಿ ಇಳಿದು ಅವನನ್ನು ಕೊಂದು ಭೂಮಿಯನ್ನು ಕೋರೆಯ ಮೇಲೆ ಎತ್ತಿ ತಂದದ್ದು. ಆ ವರಾಹನ ನಾಲ್ಕು ಕಾಲು ನಾಲ್ಕು ವೇದ, ನಾಲಿಗೆ ಅಗ್ನಿ, ಮೈಮೇಲಿನ ಕೂದಲು ದರ್ಭೆ ಎಂದು ಪುರಾಣ ಹೇಳುತ್ತದೆ. ನಾರಾಯಣನೇ ಪ್ರಸಾದವಾಗಿ ಕೊಟ್ಟ ಗುರುತು ಇದು ಎಂದು ಚಾಲುಕ್ಯರು ಶಾಸನಗಳಲ್ಲಿ ಬರೆಸಿಕೊಳ್ಳುತ್ತಿದ್ದರು. ರಾಜನಾದವನು ಮುಳುಗಿದ ನೆಲವನ್ನು ಎತ್ತುವವನು, ಅದೂ ಸೂರ್ಯಚಂದ್ರರಿರುವ ತನಕ ಎಂಬ ಅರ್ಥ.

ಮೌಲಾಸಾಬ ಎಲ್ಲ ಕೇಳಿ, "ಹಂಗಾದ್ರ ಇದು ಹಂದಿ ಅಲ್ರಿ, ಪೂರಾ ಗುಡೀನ ಅದ" ಎಂದ. "ಹಿಂದಕ್ಕ ಬಂಗಾರದ ನಾಣ್ಯಾಕ್ಕೂ ವರಹಾ ಅಂತಿದ್ರಂತ. ನಮ್ಮ ಕಲ್ಯಾಣದ ನಿಶಾನಿ ಅಂದ್ರ ಏನ್ ತಿಳದೀರಿ! ಕಡಲ ತನಕ ನಡೀತಿತ್ತು." ಹಾಗಾದರೆ ನಿಮ್ಮ ಊರಿನಲ್ಲಿ ಒಂದಾದರೂ ತೋರಿಸು ಮಾರಾಯ ಎಂದೆ. ಅವನು ಗಡ್ಡ ಕೆರೆದುಕೊಂಡು, "ಬರ್ರಿ, ನಾರಾಯಣಪುರದಾಗ ಸಿಗತದ, ನಂದ ಗ್ಯಾರಂಟಿ" ಎಂದು ಆಟೋ ಎಬ್ಬಿಸಿದ.

ಅವನ ಗ್ಯಾರಂಟಿ ನಾರಾಯಣಪುರದ ಶಿವಾಲಯದ ಹೊಸ್ತಿಲಿನಲ್ಲೇ ಮುಗಿಯಿತು. ಗುಡಿ ಚೆಂದ, ಬಹಳ ಚೆಂದ. ಹೊರಗೋಡೆಯ ಮೇಲೆ ಮೈ ಬಳುಕಿಸಿ ನಿಂತ ಹೆಂಗಸರನ್ನು ನೋಡುತ್ತಾ ಬಿಸಿಲನ್ನೇ ಮರೆತೆ. ಆದರೆ ವರಾಹ ಅಲ್ಲೂ ಕಾಣಲಿಲ್ಲ. ಇದ್ದಿರಬಹುದು, ಸವೆದಿರಬಹುದು, ನನಗೆ ನೋಡಲು ಬಾರದೆ ಹೋಗಿರಬಹುದು. ಮೌಲಾಸಾಬನಿಗೆ ನನಗಿಂತ ಹೆಚ್ಚು ಅವಮಾನವಾಯಿತು. ಗುಡಿಗೆ ಎರಡು ಸುತ್ತು ಹಾಕಿ ಬಂದು, "ಇಷ್ಟ್ ದೂರದಿಂದ ಬಂದೀರಿ, ನಮ್ಮೂರ ಮರ್ಯಾದಿ ಹೋತಲ್ರಿ" ಎಂದು ಪೇಚಾಡಿದ. ಮಧ್ಯಾಹ್ನ ಅವನೇ ಒಂದು ಖಾನಾವಳಿಗೆ ಕರೆದೊಯ್ದು ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ತಿನ್ನಿಸಿದ. ನಾನು ಒಣಸಿಗಡಿ ಚಟ್ನಿಯ ಡಬ್ಬಿ ತೆಗೆದೆ. ಅವನು ಬೆರಳ ತುದಿಯಲ್ಲಿ ನೆಕ್ಕಿ, ಕಣ್ಣರಳಿಸಿ, ಕೇಳದೆಯೇ ಅರ್ಧ ಡಬ್ಬಿ ಖಾಲಿ ಮಾಡಿದ. ಐನೂರರಲ್ಲಿ ನೂರು ವಾಪಸು ಕೊಡಲು ಬಂದ; ನಾನು ತೆಗೆದುಕೊಳ್ಳಲಿಲ್ಲ.

ಹುಮನಾಬಾದಿನ ಬಸ್ಸು ಹತ್ತುವಾಗ ನನ್ನ ಮುಖ ನನಗೇ ಬೇಡವಾಗಿತ್ತು. ಅಲ್ಲಿಂದ ಕಲಬುರಗಿಗೆ ಹೋಗಿ ರಾತ್ರಿಯ ಬಸ್ಸು ಹಿಡಿಯುವುದೆಂದು ಲೆಕ್ಕ. ಬರಿಗೈಯಲ್ಲಿ ಹೋಗಿ ಜಲಜಕ್ಕನ ಮುಂದೆ ಏನೆಂದು ನಿಲ್ಲಲಿ? ದಾರಿಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳು ಸಾಲುಗಟ್ಟಿದ್ದವು. ಹಳ್ಳಿಖೇಡದ ಸಕ್ಕರೆ ಕಾರ್ಖಾನೆಗೆ ಹೋಗುವವು ಎಂದರು. ಒಂದರ ಗಾಲಿ ರಸ್ತೆಯಂಚಿಗೆ ಇಳಿದು, ಕಬ್ಬು ಅರ್ಧ ರಸ್ತೆಗೆ ಚೆಲ್ಲಿತ್ತು. ಬಸ್ಸಿನವರೆಲ್ಲ ಇಳಿದರು. ಬೇಮಳಖೇಡದ ಕಡೆಗೆ ಹೋಗುವ ಅಜ್ಜಿಯೊಬ್ಬಳು ಒಂದು ಕಬ್ಬು ಸಿಗಿದು ನನ್ನ ಕೈಗೂ ತುಂಡು ಕೊಟ್ಟು, "ತಿನ್ನವಾ, ಸಿಟ್ಟ ಮಾಡಿದ್ರ ಬಸ್ಸ ಹಾರಂಗಿಲ್ಲ" ಎಂದಳು. ಸಿಟ್ಟು ನನ್ನ ಮುಖದಲ್ಲಿ ಅಷ್ಟು ದಪ್ಪಕ್ಷರದಲ್ಲಿ ಇತ್ತೆಂದು ಕಾಣುತ್ತದೆ. ಹುಮನಾಬಾದ್ ತಲುಪಿದಾಗ ಕಲಬುರಗಿಯ ಬಸ್ಸು ಆಗತಾನೇ ಹೊರಟು ಹೋಗಿತ್ತು. ಮುಂದಿನದಕ್ಕೆ ಒಂದೂವರೆ ತಾಸು ಕಾಯಬೇಕು ಎಂದರು.

ನಿಲ್ದಾಣದ ಎದುರಿಗೆ ಒಂದು ಮಿಠಾಯಿ ಅಂಗಡಿ ಇತ್ತು. ಚಹಾ ಕುಡಿಯೋಣ ಎಂದು ಹೋದರೆ ಒಳಗೆ ಗಂಡಹೆಂಡಿರ ಜಗಳ ಬಿಸಿಬಿಸಿಯಾಗಿ ನಡೆಯುತ್ತಿತ್ತು. ಹೆಂಡತಿ ಶರಣಮ್ಮ, ಗಂಡ ರಾಚಪ್ಪ. ಜಗಳದಲ್ಲಿ ಒಬ್ಬರನ್ನೊಬ್ಬರು ಹೆಸರು ಹಿಡಿದೇ ಕರೆಯುತ್ತಿದ್ದುದರಿಂದ ಪರಿಚಯಕ್ಕೆ ತಡವಾಗಲಿಲ್ಲ. ಹೋಳಿ ಹುಣ್ಣಿಮೆ ಹತ್ತಿರ ಬಂದಿತ್ತು. ಹೋಳಿಗೂ ಯುಗಾದಿಗೂ ಈ ಕಡೆ ಮಕ್ಕಳ ಕೊರಳಿಗೆ ಸಕ್ಕರೆಯ ಸರ ಹಾಕುತ್ತಾರೆ. ಎರಡು ಹೋಳಿನ ಮರದ ಅಚ್ಚನ್ನು ಜೋಡಿಸಿ, ನಡುವೆ ದಾರ ಇಟ್ಟು, ಕುದಿಯುವ ಪಾಕ ಹೊಯ್ದು, ಆರಿದ ಮೇಲೆ ಬಿಡಿಸಿದರೆ ದಾರಕ್ಕೆ ಕಚ್ಚಿಕೊಂಡ ಸಕ್ಕರೆಯ ಹೂವು, ಗಿಳಿ, ಪದಕ ಬರುತ್ತವೆ.

ಜಗಳ ಗಿಳಿಯದು. ಶರಣಮ್ಮ ಒಂದು ಸಕ್ಕರೆ ಗಿಳಿಯನ್ನು ನನ್ನ ಮೂಗಿನ ಹತ್ತಿರ ಹಿಡಿದು, "ನೀವಽ ಹೇಳ್ರಿ ಅಕ್ಕಾರ, ಇದಕ ಏನಂತೀರಿ?" ಎಂದಳು. ನೋಡಿದೆ. ಗಿಳಿಗೆ ಆ ಕಡೆಯೂ ಕೊಕ್ಕು, ಈ ಕಡೆಯೂ ಕೊಕ್ಕು. ಆ ಕಡೆಯೂ ಬಾಲ, ಈ ಕಡೆಯೂ ಬಾಲ.

"ಗಂಡಭೇರುಂಡ ಅಂತಾರ," ಎಂದ ರಾಚಪ್ಪ, ಮೂಲೆಯಿಂದ ಖೋವಾ ಕಾಯಿಸುತ್ತಾ. "ಸರ್ಕಾರದ ಕಾಗದದ ಮ್ಯಾಲ ಇರತದ. ಜಾಸ್ತಿ ರೊಕ್ಕಕ್ಕ ಮಾರಬೇಕು ಇದನ."

"ಮಾರತಾನಂತ! ಹಬ್ಬ ನಾಕ ದಿನ ಅದ, ಒಂದ ಗಿಳಿ ನೆಟ್ಟಗಿಲ್ಲ!"

ಇದು ಹೇಗಾಯಿತು ಎಂದು ಕೇಳಿದೆ. ಅಚ್ಚಿನ ಮುಂದಿನ ಹೋಳು ಸೀಳಿಹೋಗಿತ್ತಂತೆ. ಹೊಸದು ಮಾಡಿಸಲು ರಾಚಪ್ಪ ಬಡಿಗನ ಹತ್ತಿರ ಹೋಗುವಾಗ ಸೀಳಿದ ಹೋಳನ್ನು ಒಯ್ಯದೆ, ಹಳೆಯ ಅಚ್ಚಿನಲ್ಲಿ ತೆಗೆದ ಒಂದು ಸಕ್ಕರೆ ಗಿಳಿಯನ್ನೇ ಮಾದರಿಗೆ ಒಯ್ದ. ಬಡಿಗ ಅದನ್ನು ಮುಂದೆ ಇಟ್ಟುಕೊಂಡು, ಕಂಡ ಹಾಗೆ ಕೆತ್ತಿದ. ಗಿಳಿ ಬಲಕ್ಕೆ ನೋಡುತ್ತಿತ್ತು, ಅಚ್ಚಿನಲ್ಲೂ ಬಲಕ್ಕೇ ನೋಡಿತು. ಅಚ್ಚಿನಲ್ಲಿ ಬಲಕ್ಕೆ ಇದ್ದದ್ದು ಸಕ್ಕರೆಯಲ್ಲಿ ಎಡಕ್ಕೆ ತಿರುಗಿತು. ಹಿಂದಿನ ಹೋಳು ಮಾತ್ರ ಹಳೆಯದು, ಅದು ಹಳೆಯ ದಿಕ್ಕಿನಲ್ಲೇ ಇತ್ತು. ಎರಡೂ ಸೇರಿ ಎರಡು ತಲೆ.

ನಾನು ನಗಬೇಕು ಎಂದು ಬಾಯಿ ತೆರೆದವಳು ಹಾಗೇ ನಿಂತೆ. ಕಂಡ ಹಾಗೆ ಕೆತ್ತಿದ. ಕಂಡ ಹಾಗೆ ಬರೆದ. ಕೈಚೀಲವನ್ನು ಕಟ್ಟೆಯ ಮೇಲೆ ಸುರಿದು ಬೈರಾಸು ಬಿಚ್ಚಿದೆ. ತಗ್ಗಾಗಿ ಕೆತ್ತಿದ ವರಾಹ, ಬಿಲ್ಲೆಯ ಹಿಂಬದಿಯಲ್ಲಿ ಮುರಿದ ಮೊಳೆ. ಅಯ್ಯೋ, ದಲಾಯತನ ಬಿಲ್ಲೆಯಲ್ಲಿ ಯಾರಾದರೂ ಚಿತ್ರವನ್ನು ಗುಂಡಿ ತೋಡುತ್ತಾರೆಯೇ? ಇದು ಅರಗಿನ ಮೇಲೆ ಒತ್ತುವ ಮುದ್ರೆ! ಆ ಮೊಂಡು ಮೊಳೆ ಹಿಡಿಯಿದ್ದ ಜಾಗ. ಒಂದು ಅಕ್ಷರವಾದರೂ ಇದ್ದಿದ್ದರೆ ಅದು ತಿರುವುಮುರುವಾಗಿ ಕಂಡು ನಮ್ಮ ಕಣ್ಣು ತೆರೆಯುತ್ತಿತ್ತು. ಇರಲಿಲ್ಲ.

"ಒಂದು ಉಂಡೆ ಖೋವಾ ಕೊಡಿ, ಬೇಗ!" ಎಂದೆ. ನನ್ನ ಧ್ವನಿ ಕೇಳಿ ರಾಚಪ್ಪ ಸಟ್ಟುಗ ಕೆಳಗಿಟ್ಟ. ಶರಣಮ್ಮ ಬಿಲ್ಲೆಯನ್ನು ಕಸಿದುಕೊಂಡು, "ಇಷ್ಟ್ ಹೊಲಸ ಇಟ್ಟೀರಿ, ತಿನ್ನೋ ಪದಾರ್ಥಕ್ಕ ಹಚ್ಚತೀರೇನು?" ಎಂದು ಹುಣಸೆಹಣ್ಣು ಹಾಕಿ ತಿಕ್ಕಿದಳು. ಕಚೇರಿಯ ಧೂಳೆಲ್ಲ ಹೋಗಿ ಹಿತ್ತಾಳೆ ಹೊಳೆಯಿತು. ಮೊದಲ ಸಲ ಒತ್ತಿದಾಗ ಖೋವಾ ಕಚ್ಚಿಕೊಂಡು ಬಂತು. ಎರಡನೆಯ ಸಲ ರಾಚಪ್ಪ ತುಪ್ಪ ಸವರಿಕೊಟ್ಟ. ಒತ್ತಿ, ಉಸಿರು ಹಿಡಿದು, ಮೆಲ್ಲಗೆ ಎತ್ತಿದೆ.

ವರಾಹ ಎದ್ದು ನಿಂತಿತ್ತು. ತಗ್ಗಿದ್ದದ್ದೆಲ್ಲ ಉಬ್ಬಾಗಿ, ರೋಮ ರೋಮ ಕಾಣುವ ಹಾಗೆ, ಕೋರೆಯ ಮೇಲೆ ದುಂಡಗಿನ ಭೂಮಿ ಹೊತ್ತು, ಬಲಕ್ಕೆ ಮುಖ ಮಾಡಿ. ಬಲಕ್ಕೆ! ನಮ್ಮ ಗುಡ್ಡದ ಕಡೆಗೆ, ನೆಲದ ಕಡೆಗೆ! ಅದು ನೀರಿಗೆ ಹೊರಟದ್ದಲ್ಲ, ಕೆಲಸ ಮುಗಿಸಿ ನೀರಿನಿಂದ ಬರುತ್ತಿರುವುದು. ಹಿರಿಯರು ಸರಿಯಾಗಿಯೇ ಕೆತ್ತಿಸಿದ್ದರು. ಹಲಗೆ ಬರೆದವನು ಮುದ್ರೆಯನ್ನು ಒತ್ತಿ ನೋಡದೆ ಮುದ್ರೆಯನ್ನೇ ನೋಡಿ ಬರೆದಿದ್ದ. ನಾನು ಆ ಅಂಗಡಿಯಲ್ಲಿ ಗಟ್ಟಿಯಾಗಿ ಕೂಗಿದೆನಂತೆ. ಬಸ್ಸಿಗೆ ಕಾಯುತ್ತಿದ್ದವರು ಎದ್ದು ಬಂದರು.

ಎಲ್ಲವನ್ನೂ ಹೇಳಿದೆ. ಜಲಜಕ್ಕನ ಮನೆ ಹೋದದ್ದು ಕೇಳಿ ಶರಣಮ್ಮ ಲೊಚಗುಟ್ಟಿದಳು. ಆಮೇಲೆ ಪೇಡೆಯನ್ನು ನೋಡಿ ಅವಳಿಗೆ ಬೇರೆಯೇ ಚಿಂತೆ ಹತ್ತಿತು. "ಹಂದಿ ಅಂದ್ರ ಯಾಕ ತಿನ್ನೋದು? ದೇವರಂದ್ರ ಹ್ಯಾಂಗ ತಿನ್ನೋದು?" ಮೊದಲನೆಯದನ್ನು ನಾನೇ ಬಾಯಿಗೆ ಹಾಕಿಕೊಂಡೆ. ನಮ್ಮ ನಗರದ ಲಾಂಛನಕ್ಕೆ ಏಲಕ್ಕಿಯ ರುಚಿ ಇತ್ತು.

ಅವರ ಋಣ ಉಳಿಸಿಕೊಳ್ಳಲು ಮನಸ್ಸಾಗಲಿಲ್ಲ. ಮಿಠಾಯಿ ಡಬ್ಬಿಯೊಳಗಿನ ತೆಳು ಕಾಗದವನ್ನು ಕೇಳಿ ಪಡೆದು, ಮಾದರಿಗೆಂದು ಒಯ್ದಿದ್ದ ಹಳೆಯ ಗಿಳಿಯ ಮೇಲಿಟ್ಟು ಗೆರೆ ತೆಗೆದೆ. ಕಾಗದವನ್ನು ಮಗುಚಿ, ಹಿಂಬದಿಯಿಂದ ದಪ್ಪ ಗೆರೆ ಎಳೆದು ರಾಚಪ್ಪನ ಕೈಗೆ ಕೊಟ್ಟೆ. "ಬಡಿಗನಿಗೆ ಇದನ್ನು ಮರಕ್ಕೆ ಅಂಟಿಸಿ ಕೆತ್ತಲು ಹೇಳಿ." ಅವನು ಅದನ್ನು ಬೆಳಕಿಗೆ ಹಿಡಿದು ನೋಡಿ, "ಹಬ್ಬ ಉಳೀತು" ಎಂದ. ಶರಣಮ್ಮ ಅವನ ಕಡೆ ನೋಡಿ, ಬೆಳಗಿನಿಂದ ಮೊದಲ ಸಲವಿರಬೇಕು, ನಕ್ಕಳು. ಸಭೆಗೆಂದು ಒಂದು ಕಿಲೋ ಪೇಡೆಗೆ ನಾನೇ ಕೂತು ವರಾಹ ಒತ್ತಿದೆ. "ಖೋವಾ ಗಟ್ಟಿ ಹುರದೀನ್ರಿ, ಸೋಮವಾರ ತನಕ ಏನೂ ಆಗಂಗಿಲ್ಲ" ಎಂದು ರಾಚಪ್ಪ ಡಬ್ಬಿ ಕಟ್ಟಿದ. ಕಲಬುರಗಿಯ ಬಸ್ಸಿನ ಕಂಡಕ್ಟರನಿಗೂ ಒಂದು ಕೊಟ್ಟೆ. ಅವನು ಶೂನ್ಯದ ಟಿಕೆಟ್ ಹರಿದುಕೊಟ್ಟು, ಇದು ಯಾವ ಪಕ್ಷದ ಗುರುತು ಎಂದು ಕೇಳಿದ.

ಸೋಮವಾರ ಸಭೆಯಲ್ಲಿ ನಾನು ಭಾಷಣ ಮಾಡಲಿಲ್ಲ. ಡಬ್ಬಿ ತೆರೆದಿಟ್ಟೆ, ಪಕ್ಕದಲ್ಲಿ ಮುದ್ರೆ ಇಟ್ಟೆ, ಎರಡನ್ನೂ ನೋಡಿ ಎಂದೆ. ಅಧ್ಯಕ್ಷರು ನೋಡಿದರು, ತಲೆ ಮೇಲೆ ಕೈ ಇಟ್ಟುಕೊಂಡರು. ಉಳಿದವರು ನೋಡಿದರು, ಬೆರಗಾದರು, ಆಮೇಲೆ ಸಾಕ್ಷಿಯನ್ನೆಲ್ಲ ತಿಂದು ಮುಗಿಸಿದರು. ಜಲಜಕ್ಕ ಮಾತ್ರ ತಿನ್ನಲಿಲ್ಲ. ಪೇಡೆಯನ್ನು ಅಂಗೈಯಲ್ಲಿ ಹಿಡಿದು ಹೊರಗೆ ರಸ್ತೆಗೆ ಹೋದಳು. ಎಲ್ಲರೂ ಹಿಂದೆ ಹೋದೆವು. ಹಲಗೆಯ ಎದುರು ನಿಂತು ಅವಳು ಪೇಡೆಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿದಳು. ಮೇಲಿನ ಹಂದಿ ಕಡಲಿಗೆ, ಕೈಯೊಳಗಿನ ಹಂದಿ ಗುಡ್ಡಕ್ಕೆ.

"ಅದು ಎತ್ತಿಕೊಂಡು ಬಂದ ಭೂಮಿಯಲ್ಲಿ ನಮ್ಮ ಮನೆಯೂ ಉಂಟಾ ಟೀಚರ್?" ಎಂದು ಕೇಳಿದಳು.

"ಉಂಟು" ಎಂದೆ.

"ಹಾಗಾದ್ರೆ ಬರೆಯುವಾಗ ಒಂದು ಮನೆ ಹಾಕಿ. ಸಣ್ಣದು ಸಾಕು. ಹೆಂಚಿನದು."

ಕೈ ಎತ್ತಿಸುವ ಕೆಲಸವೇ ಬೀಳಲಿಲ್ಲ. ಮರುದಿನ ಹೊಸ ಕಟ್ಟಡದ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಮೊದಲ ಗೆರೆ ಎಳೆದೆ. ಏಣಿಯ ಕೆಳಗೆ ಮೀನಿನ ಬುಟ್ಟಿ ಇಳಿಸಿ ಜಲಜಕ್ಕ ಕಾದು ನಿಂತಿದ್ದಳು. ವರಾಹನ ಮೈ ಆಯಿತು, ಕೋರೆಯಾಯಿತು, ಕೋರೆಯ ಮೇಲೆ ಭೂಮಿಯಾಯಿತು, ಅದರ ಮೇಲೆ ಪುಟ್ಟದೊಂದು ಹೆಂಚಿನ ಮನೆಯೂ ಆಯಿತು. ಬಾಗಿಲು ಬರೆಯುವ ಮೊದಲು ಕೆಳಗೆ ನೋಡಿ, ಗುಡ್ಡದ ಬದಿಗೆ ಇಡಲೇ ಎಂದು ಕೇಳಿದೆ.

"ಎಂತಕ್ಕೆ?" ಎಂದಳು ಜಲಜಕ್ಕ. "ಕಡಲ ಬದಿಗೇ ಇಡಿ. ನಮ್ಮವರ ದೋಣಿ ಬರುವುದು ಅಲ್ಲಿಂದಲ್ಲವಾ?"